ಹೊನ್ನೆಮರಡಿಯ ಏಳನೇ ಬ್ಲಾಕು

“ಕೆಂಪಗೆ ಕಾಣ್ತಿರೋದೆಲ್ಲ ಹಸಿರು ಸರ್,” ಎನ್ನುತ್ತ ಮಾನಸ ಮೇಜಿನ ಮೇಲೆ ಹರಡಿದ ಚಿತ್ರದ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಹೇರಿದಳು. “ಎಲೆ ಎಷ್ಟು ದಟ್ಟವಾಗಿದ್ಯೋ ಅಷ್ಟು ಕೆಂಪು. ಬಿಳಿಚಿಕೊಂಡಿರೋದು ಬೋಳು ನೆಲ.”

ಷಡಕ್ಷರಪ್ಪನವರು ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡು ಬಗ್ಗಿ ನೋಡಿದರು. ಹಸಿರನ್ನು ಕೆಂಪೆಂದು ಓದುವ ವಿದ್ಯೆ ಅವರಿಗೆ ಹೊಸದು. ಆದರೂ ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡಿತು. ಕಪ್ಪು ದಾರದಂತೆ ಬಳುಕಿ ಹೋಗಿರುವುದು ಭದ್ರಾ ಹೊಳೆ. ಅದರ ಮಗ್ಗುಲಿನ ಬೂದಿ ಕಲೆ ಭದ್ರಾವತಿ. ನಾಲೆಯ ಕೆಳಗಿನ ಗದ್ದೆಗಳು ಕುಂಕುಮ ಚೆಲ್ಲಿದ ಹಾಗೆ. ಇಪ್ಪತ್ತೆಂಟು ವರ್ಷ ಕಾಲಲ್ಲಿ ಅಳೆದ ನೆಲ ಒಂದು ಮೊಳದ ಕಾಗದದಲ್ಲಿ ಮಲಗಿತ್ತು.

ಜಿಲ್ಲಾ ಕೇಂದ್ರದಲ್ಲಿ, ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಆ ಕಚೇರಿ. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ. ಮೂಟೆ ಇಳಿಸಿದಾಗೆಲ್ಲ ಮೇಲಿದ್ದವರು ಸಾಲಾಗಿ ಸೀನುತ್ತಿದ್ದರು. ಜಿಲ್ಲೆಯ ನೆಲ ಹದಿನೈದು ವರ್ಷದಲ್ಲಿ ಎಷ್ಟು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂದು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕುವುದು ಅವರ ಕೆಲಸ. ಹಳೆಯ ಬಂಜರು ಅಭಿವೃದ್ಧಿ ಯೋಜನೆ ಮುಚ್ಚಿಹೋದಾಗ ಗೋಣಿಚೀಲಕ್ಕೆ ತುಂಬಿಟ್ಟಿದ್ದ ನೆಡುತೋಪು ರಿಜಿಸ್ಟರುಗಳು ಹೇಗೋ ಇಲ್ಲಿಗೆ ಬಂದು ಸೇರಿದ್ದವು. ಅವುಗಳ ಪುಟಪುಟದ ಕೆಳಗೂ ‘ಷಡಕ್ಷರಪ್ಪ, ಕ್ಷೇತ್ರ ಸಹಾಯಕ’ ಎಂಬ ರುಜು ಕಂಡು, ಮಾನಸ ಪಿಂಚಣಿ ಕಚೇರಿಯಲ್ಲಿ ವಿಳಾಸ ಹಿಡಿದು, ಭದ್ರಾವತಿಯ ಓಲ್ಡ್ ಟೌನಿನ ಅವರ ಮನೆಗೆ ಕಾಗದ ಬರೆದಿದ್ದಳು. ಹೋಗದಿರಬಹುದಿತ್ತು. ಹೆಂಡತಿ ದಾಕ್ಷಾಯಣಿ ಲಿಂಗೈಕ್ಯಳಾಗಿ ಏಳು ತಿಂಗಳಾಗಿತ್ತು. ಅಂದಿನಿಂದ ಎಲ್ಲಿಗಾದರೂ ಹೋಗುವುದೂ ಹೋಗದೆ ಇರುವುದೂ ಅವರಿಗೆ ಒಂದೇ ಆಗಿತ್ತು. ಅದಕ್ಕೇ ಹೊರಟು ಬಂದಿದ್ದರು.

“ಅಷ್ಟು ಮೇಲಿಂದ ಸಸಿ ಕಾಣುತ್ತೇನಮ್ಮ?”

“ಒಂದೊಂದೇ ಸಸಿ ಕಾಣಲ್ಲ ಸರ್. ಎರಡು ಮೂರು ಮನೆ ಕಟ್ಟೋವಷ್ಟು ಜಾಗಕ್ಕೆ ಒಂದು ಚುಕ್ಕೆ. ಆ ಚುಕ್ಕೆಯಲ್ಲಿ ಎಷ್ಟು ಹಸಿರಿದೆ ಅನ್ನೋದಕ್ಕೆ ಒಂದು ಅಂಕಿ. ಒಳ್ಳೇ ಕಾಡಾದ್ರೆ ಪಾಯಿಂಟ್ ಆರು, ಏಳು ಬರುತ್ತೆ. ಒಣಹುಲ್ಲು, ಕಲ್ಲು ಆದ್ರೆ ಪಾಯಿಂಟ್ ಎರಡು. ಎಂಬತ್ತೊಂಬತ್ತು, ತೊಂಬತ್ನಾಲ್ಕು, ತೊಂಬತ್ತೊಂಬತ್ತು, ಹೋದ ವರ್ಷ, ಹೀಗೆ ನಾಲ್ಕು ಸಲದ ಚಿತ್ರ ಇದೆ. ಎಲ್ಲಾ ಫೆಬ್ರವರಿ ತಿಂಗಳದ್ದೇ. ಅಂಕಿ ಇಳೀತಾ ಬಂದಿದ್ರೆ ನೆಲ ಕೆಟ್ಟಿದೆ ಅಂತ ಅರ್ಥ.”

ಅವಳು ಬೆರಳನ್ನು ಮಲವಗೊಪ್ಪದ ಆಚೆಗೆ ಸರಿಸಿ, ಉಗುರಿನಷ್ಟಗಲದ ಬಿಳಿಚಿದ ಜಾಗದ ಮೇಲೆ ನಿಲ್ಲಿಸಿದಳು. “ನನಗೆ ಅರ್ಥ ಆಗದೇ ಇರೋದು ಇದೊಂದು. ಹೊನ್ನೆಮರಡಿ, ಏಳನೇ ಬ್ಲಾಕು. ಎಂಬತ್ತೆಂಟರ ಮಳೇಲಿ ಹನ್ನೊಂದು ಸಾವಿರ ಗಿಡ ನೆಟ್ಟಿದೀರಿ. ತೊಂಬತ್ನಾಲ್ಕರಲ್ಲಿ ನೂರಕ್ಕೆ ಅರವತ್ನಾಲ್ಕು ಬದುಕಿವೆ, ಹನ್ನೆರಡು ಅಡಿ ಎತ್ತರ ಬಂದಿವೆ ಅಂತ ರಿಜಿಸ್ಟರ್ ಹೇಳುತ್ತೆ. ಚಿತ್ರ ನೋಡಿದ್ರೆ ಅದೇ ವರ್ಷ ಪಾಯಿಂಟ್ ಎರಡು. ಹುಲ್ಲು ಬಿಟ್ಟು ಏನೂ ಇಲ್ಲ.”

ಹೇಳುತ್ತ ಹೇಳುತ್ತಲೇ ಅವಳು ರಿಜಿಸ್ಟರಿನ ಜೆರಾಕ್ಸ್ ಪುಟವೊಂದನ್ನು ಅವರ ಮುಂದೆ ಸರಿಸಿದಳು. ಷಡಕ್ಷರಪ್ಪನವರು ಅಂಕಿಯನ್ನು ನೋಡಲಿಲ್ಲ. ಅಕ್ಷರ ನೋಡಿದರು. ಮುತ್ತು ಪೋಣಿಸಿದ ಹಾಗೆ ಗುಂಡಗೆ, ಗೆರೆ ಬಿಟ್ಟು ಮೇಲೇಳದೆ, ‘ಳ’ಕಾರದ ಬಾಲವನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಎಳೆದು ಬರೆದ ಅಕ್ಷರ. ದಾಕ್ಷಾಯಣಿಯ ಅಕ್ಷರ.

ಅವರ ಕೈಬರಹ ಕೋಳಿ ಕೆದರಿದಂತೆ. ಹೊಲದಲ್ಲಿ ಬರೆದುಕೊಂಡ ಕಚ್ಚಾ ಪುಸ್ತಕವನ್ನು ಮನೆಗೆ ತರುವುದು, ಅದನ್ನು ಅವಳು ರಿಜಿಸ್ಟರಿಗೆ ಚಂದ ಮಾಡಿ ಏರಿಸುವುದು, ಕೆಳಗೆ ಇವರು ರುಜು ಹಾಕುವುದು, ಇದು ಆ ಮನೆಯ ಹದಿನಾಲ್ಕು ವರ್ಷದ ಪದ್ಧತಿ. ಯೋಜನೆಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. “ನಿಮ್ಮ ಮನೆಯವ್ರಿಗೂ ಒಂದು ಸಂಬಳ ಕೊಡಿಸ್ಬೇಕು ಮಾರಾಯ್ರೆ,” ಎಂದು ಸಾಹೇಬರು ನಗುತ್ತಿದ್ದರು. ಅವಳು ಹೋದ ಮೇಲೆ ಮನೆಯಲ್ಲಿ ಅವಳ ಬರಹವೆಂದು ಹುಡುಕಿದರೆ ಸಿಕ್ಕಿದ್ದು ಹಪ್ಪಳದ ಡಬ್ಬಿಯ ಮೇಲಿನ ಒಂದು ಚೀಟಿ. ಇಲ್ಲಿ ನೋಡಿದರೆ ರಿಜಿಸ್ಟರು ಪೂರ್ತಿ ಅವಳೇ.

“ಸರ್, ಈ ಅರವತ್ನಾಲ್ಕು ಸರಿನಾ?”

ಷಡಕ್ಷರಪ್ಪನವರು ಕಾಗದವನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದರು. ಆಮೇಲೆ, “ಬರೆದಿರೋದು ಹಾಗೇ ಇದೆಯಲ್ಲಮ್ಮ,” ಎಂದರು.

ಒಳಕೋಣೆಯಿಂದ ಮುಖ್ಯಸ್ಥರಾದ ರೇಣುಕಾಪ್ರಸಾದರು ಎದೆಯುರಿಯ ಮಾತ್ರೆ ಚೀಪುತ್ತ ಬಂದರು. ಐದು ತಾಲ್ಲೂಕಿನ ವರದಿ ಅವರ ಕುತ್ತಿಗೆಗೆ ಬಿದ್ದಿತ್ತು. “ನಾನು ಹೇಳಿಲ್ವಾ ಮಾನಸ? ಹಳೇ ಉಪಗ್ರಹ, ಹಳೇ ಕ್ಯಾಮೆರಾ, ಅವತ್ತು ಮಂಜು ಮುಸುಕಿರುತ್ತೆ. ನೆಲದ ಮೇಲೆ ನಿಂತು ಎಣಿಸಿದವ್ರ ಲೆಕ್ಕ ಇರ್ಬೇಕಾದ್ರೆ ಆಕಾಶದ ಮಾತು ಯಾಕೆ? ರಿಜಿಸ್ಟರಿಗೆ ಚಿತ್ರಾನ ಹೊಂದಿಸಿ, ಮುಂದಕ್ಕೆ ಹೋಗಿ.”

“ಹೊಂದಿಸಿದ್ರೆ ಏನಾಗುತ್ತೆ?” ಎಂದು ಷಡಕ್ಷರಪ್ಪನವರು ಕೇಳಿದರು.

“ಏನಾಗುತ್ತೆ ಯಜಮಾನ್ರೆ, ತೊಂಬತ್ನಾಲ್ಕರಲ್ಲಿ ಕಾಡು ಇತ್ತು, ಈಗ ಇಲ್ಲ ಅಂತಾಗುತ್ತೆ. ಹತ್ತು ವರ್ಷದಲ್ಲಿ ಜಾನುವಾರು ಮೇಯ್ಸಿ, ಕಡಿದು ಹಾಳು ಮಾಡಿದಾರೆ. ತೀವ್ರ ಹಾನಿ ಅಂತ ಪಟ್ಟಿಗೆ ಸೇರುತ್ತೆ. ಗುರುತಿನ ಕಲ್ಲು ಆಗ್ಲೇ ನೆಡ್ಸಿದಾರೆ; ಇನ್ನು ಸುತ್ತ ಟ್ರೆಂಚ್ ತೋಡಿ, ದನ ಎಮ್ಮೆ ಬಿಡದ ಹಾಗೆ ಬಂದೋಬಸ್ತ್ ಮಾಡ್ತಾರೆ. ಸೋಮವಾರ ವರದಿ ಹೋಗ್ಬೇಕು.”

ಕೆಳಗೆ ಮೂಟೆ ಇಳಿಯಿತು. ಮೂವರೂ ಸೀನಿದರು.

ಊರಿಗೆ ಮರಳುವ ಬಸ್ಸಿನಲ್ಲಿ ಷಡಕ್ಷರಪ್ಪನವರಿಗೆ ಎಡಗಡೆಯ ಕಿಟಕಿ ಸಿಕ್ಕಿತು. ಮಲವಗೊಪ್ಪ ದಾಟಿದ ಮೇಲೆ ಒಂದು ಕ್ಷಣ ಹೊನ್ನೆಮರಡಿಯ ಬೋಳುಗುಡ್ಡ ಕಾಣುತ್ತದೆ. ಆಮೇಲೆ ಇಟ್ಟಿಗೆ ಗೂಡುಗಳು ಅಡ್ಡ ಬರುತ್ತವೆ. ಹೊನ್ನೆಯ ಮರ ಅವರ ಅಜ್ಜನ ಕಾಲದಲ್ಲಿ ಇತ್ತೋ ಏನೋ, ಅವರು ಕಂಡದ್ದು ಕಲ್ಲು, ಹುಲ್ಲು, ಅಲ್ಲೊಂದು ಇಲ್ಲೊಂದು ಕಾರೆಮುಳ್ಳು. ನೆಟ್ಟದ್ದು ಸುಳ್ಳಲ್ಲ. ಹನ್ನೊಂದು ಸಾವಿರ ಗುಂಡಿ ತೋಡಿಸಿ ಗಿಡ ಇಡಿಸಿದ್ದು ಅವರೇ. ಆದರೆ ಆ ವರ್ಷ ಸಸಿ ಬಂದದ್ದು ಮಳೆ ಹಿಂದೆ ಸರಿದ ಮೇಲೆ. ಮರಡಿಯ ಮೇಲೆ ಒಂದು ಚಮಚ ಮಣ್ಣಿಗೆ ಒಂದು ಬುಟ್ಟಿ ಕಲ್ಲು. ಮಾರ್ಚಿಯಲ್ಲಿ ಎಣಿಸಲು ಹೋದರೆ ಸಾಲುಸಾಲಾಗಿ ಒಣಕಡ್ಡಿ ನಿಂತಿದ್ದವು. ಎರಡು ದಿನ ಬಿಸಿಲಲ್ಲಿ ನಡೆದು, ಕಡ್ಡಿಯ ತೊಗಟೆಯನ್ನು ಉಗುರಲ್ಲಿ ಕೆರೆದು ಹಸಿಯಿದೆಯೇ ಎಂದು ನೋಡಿ ನೋಡಿ, ಕಚ್ಚಾ ಪುಸ್ತಕದಲ್ಲಿ ‘ನೂರಕ್ಕೆ ೬’ ಎಂದು ಬರೆದುಕೊಂಡಿದ್ದರು.

ಸಾಹೇಬರು ಅದನ್ನು ನೋಡಿ ಬೈಯಲಿಲ್ಲ. ಕುರ್ಚಿಗೆ ಒರಗಿ, “ಷಡಕ್ಷರಪ್ಪ, ನಲವತ್ತಕ್ಕಿಂತ ಕೆಳಗೆ ಹೋದ್ರೆ ಮುಂದಿನ ವರ್ಷದ ಮಂಜೂರಾತಿ ನಿಲ್ಲುತ್ತೆ. ದಿನಗೂಲಿ ಮೂವತ್ತು ಜನ ಮನೆಗೆ ಹೋಗ್ತಾರೆ. ಎಪ್ಪತ್ತೆರಡು ಅಂತ ಏರಿಸು. ಮುಂದಿನ ವರ್ಷ ಸತ್ತಿದ್ದಕ್ಕೆಲ್ಲ ಬದಲಿ ಗಿಡ ಹಾಕಿ ಸರಿ ಮಾಡೋಣ,” ಎಂದರು. ಮುಂದಿನ ವರ್ಷ ಯಾರೂ ಏನೂ ಹಾಕಲಿಲ್ಲ. ಇಲ್ಲದ ಗಿಡಗಳನ್ನು ವರ್ಷವೂ ನೂರಕ್ಕೆ ಒಂದೆರಡರಂತೆ ರಿಜಿಸ್ಟರಿನಲ್ಲಿ ಸಾಯಿಸುತ್ತ, ಬದುಕಿದವನ್ನು ಅಡಿ ಎರಡಡಿ ಬೆಳೆಸುತ್ತ ಆರು ವರ್ಷ ನಡೆಸಿದರು. ಆ ಸಾಹೇಬರು ತೀರಿಕೊಂಡೇ ಎಂಟು ವರ್ಷವಾಯಿತು.

ಸಾಹೇಬರು ಎಪ್ಪತ್ತೆರಡು ಎಂದ ದಿನ ಸಂಜೆ ದಾಕ್ಷಾಯಣಿ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು, ಮಣೆಯ ಮೇಲೆ ರಿಜಿಸ್ಟರು ಬಿಚ್ಚಿಕೊಂಡಿದ್ದಳು. ಕಚ್ಚಾ ಪುಸ್ತಕದಲ್ಲಿ ಆರನ್ನು ಹೊಡೆದು ಎಪ್ಪತ್ತೆರಡು ಮಾಡಿದ್ದನ್ನು ನೋಡಿ, “ಈ ಆರು ಎಲ್ಲಿಗೆ ಹೋಯ್ತು?” ಎಂದು ಕೇಳಿದಳು.

“ಸಾಹೇಬ್ರು ಹೇಳಿದಾರೆ. ಬರಿ ಮಾರಾಯ್ತಿ.”

ಅವಳು ಬರೆದಳು. ಮುಂದೆ ಎಂದೂ ಆ ಮಾತು ಕೇಳಲಿಲ್ಲ. ಅಗಸನ ಚೀಟಿಗೂ, ಔಷಧದ ಪಟ್ಟಿಗೂ, ತವರಿಗೆ ಬರೆಯುವ ಕಾರ್ಡಿಗೂ ನೆತ್ತಿಯ ಮೇಲೊಂದು ‘ಶ್ರೀ’ ಇಡದೆ ಲೇಖನಿ ಊರದ ಹೆಂಗಸು ಅವಳು. ಸರ್ಕಾರದ ರಿಜಿಸ್ಟರಿಗೆ ಇಡಬಾರದಲ್ಲ ಎಂದರೆ, ಪೆನ್ಸಿಲಿನಲ್ಲಿ ಕಂಡೂ ಕಾಣದ ಹಾಗೆ ಸಣ್ಣಗೆ ಇಡುತ್ತಿದ್ದಳು. ಅಂಥವಳ ಕೈಯಿಂದ ಅದನ್ನು ಬರೆಸಿದೆನಲ್ಲ ಎಂದು ಷಡಕ್ಷರಪ್ಪನವರಿಗೆ ಆಗ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಈಗ ಅನ್ನಿಸಿ ಏನು ಪ್ರಯೋಜನ? ಅವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. ಓಲ್ಡ್ ಟೌನಿನ ನಿಲ್ದಾಣದಲ್ಲಿ ಕಂಡಕ್ಟರೇ ಎಬ್ಬಿಸಬೇಕಾಯಿತು.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತರು. ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನಿಲ್ಲಿಸಿದರೆ, ಮೊದಲೆಲ್ಲ ಸುತ್ತಲಿನ ಸದ್ದು ತಾನಾಗಿ ಹಿಂದೆ ಸರಿಯುತ್ತಿತ್ತು. ಏಳು ತಿಂಗಳಿಂದ ಸದ್ದು ಸರಿಯುತ್ತಿಲ್ಲ. ಇಂದು ದೃಷ್ಟಿಯೂ ನಿಲ್ಲಲಿಲ್ಲ. ಪತ್ರೆ ಜಾರಿ ಮಡಿಲಿಗೆ ಬಿತ್ತು. ಹೊರಗೆ ಹಾಲಿನ ಕಾಳಮ್ಮನ ದನಿ ಕೇಳಿತು. ಹೊನ್ನೆಮರಡಿಯ ತಪ್ಪಲಿನವಳು, ಬೆಳಗಿನ ಮೊದಲ ಬಸ್ಸಿಗೆ ಕ್ಯಾನು ಹೊತ್ತು ಬಂದು ಓಲ್ಡ್ ಟೌನಿನ ಹತ್ತು ಮನೆಗೆ ಎಮ್ಮೆ ಹಾಲು ಹಾಕುವವಳು. ದಾಕ್ಷಾಯಣಿಗೆ ಕೊನೆಯ ಎರಡು ತಿಂಗಳು ಇಳಿದದ್ದು ಅವಳ ಹಾಲೊಂದೇ.

“ಅಪ್ಪೋರು ಎದ್ದವ್ರೇನವ್ವಾ?” ಎಂದು ಅವಳು ಮನೆಯ ಸೊಸೆ ಸುಮನಾಳನ್ನು ಕೇಳುತ್ತಿದ್ದಳು. ಷಡಕ್ಷರಪ್ಪನವರು ಲಿಂಗವನ್ನು ಕರಡಿಗೆಗೆ ಸೇರಿಸಿ ಹೊರಗೆ ಬಂದರು.

“ಏನ್ ಕಾಳಮ್ಮ?”

“ನಂದೇನೈತೆ ಅಪ್ಪೋರೆ, ನಮ್ ಎಮ್ಮೆದು. ಮರಡಿ ಸುತ್ತ ಸುಣ್ಣ ಬಳ್ದು ಕಲ್ಲು ನೆಟ್ಟವ್ರೆ. ಮ್ಯಾಗ್ಲಿಂದ ಪೋಟ ಹಿಡ್ದವ್ರಂತೆ. ಹನ್ನೊಂದು ಸಾವಿರ ಗಿಡಾನ ನಮ್ಮೂರ್ ಎಮ್ಮೆ ತಿಂದವಂತೆ.” ಅವಳು ಹಾಲು ಅಳೆಯುತ್ತಲೇ ಇದ್ದಳು. “ಅಷ್ಟು ತಿಂದಿದ್ರೆ ನನ್ನೆಮ್ಮೆ ಆನೆ ಆಗ್ಬೇಕಿತ್ತು. ನೋಡಿದ್ರೆ ಪಕ್ಕೆಲುಬು ಎಣಿಸ್ಬೋದು.”

ಸುಮನಾ ನಕ್ಕಳು. ಷಡಕ್ಷರಪ್ಪನವರು ನಗಲಿಲ್ಲ.

“ಗುಂಡಿ ತೋಡಿದ್ದು ನಾನೂ ನಮ್ಮೆಜಮಾನ್ರೂ, ನಿಮ್ಗೆ ಜ್ಞಾಪ್ಕ ಐತೋ ಇಲ್ವೋ. ಹಾರೆ ತಗ್ಲಿ ನನ್ ಹೆಬ್ಬೆಟ್ಟು ಉಗುರು ಹೋಗಿತ್ತು. ಆ ಗಿಡ ಉಗಾದಿ ಕಾಣ್ಲಿಲ್ಲ. ನೀವೇ ಬಂದು ಕಡ್ಡಿ ಕೆರ್ಕೊಂಡು ಕೂತಿದ್ರಿ.” ಪಾವನ್ನು ಕ್ಯಾನಿನ ಅಂಚಿಗೆ ಬಡಿದು, ಅವಳು ತಲೆಯೆತ್ತಿ ನೋಡಿದಳು. “ಪೋಟದವ್ರಿಗೆ ಒಂದ್ ಮಾತು ಹೇಳಿ ಅಪ್ಪೋರೆ. ನಿಮ್ಗಾದ್ರೆ ಸರ್ಕಾರದ ಬಾಸೆ ಬತ್ತದೆ. ನಂಗೆ ಎಮ್ಮೆ ಬಾಸೆ ಬಿಟ್ರೆ ಬ್ಯಾರೆ ಬರಲ್ಲ.”

“ನೋಡೋಣ,” ಎಂದರು ಷಡಕ್ಷರಪ್ಪನವರು.

“ನೋಡಿ ನೋಡಿ. ಅಮ್ಮೋರು ಇದ್ದಿದ್ರೆ ನೋಡೋಣ ಅಂತಿರ್ಲಿಲ್ಲ,” ಎಂದು ಅವಳು ಸಿಂಬಿ ಸುತ್ತಿ ಕ್ಯಾನು ಹೊತ್ತು ಹೋದಳು. ದಾಕ್ಷಾಯಣಿ ಇದ್ದಿದ್ದರೆ ಏನು ಅನ್ನುತ್ತಿದ್ದಳೆಂದು ಅವರಿಗೂ ತಿಳಿಯದು. ಕೇಳುವ ಕಾಲದಲ್ಲಿ ಅವರು ಕೇಳಿರಲಿಲ್ಲ.

ಮಗ ಜ್ಞಾನೇಶ ಪಾಳಿ ಮುಗಿಸಿ ಮಧ್ಯಾಹ್ನ ಬಂದು ಊಟಕ್ಕೆ ಕುಳಿತಾಗ ವಿಷಯ ಹೇಳಿದರು. ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡಿದ ಮೇಲೆ ಅವನೊಬ್ಬನೇ ಇಬ್ಬರ ಕೆಲಸ ಎಳೆಯುತ್ತಿದ್ದ. ಅನ್ನ ಕಲಸುತ್ತ ಪೂರ್ತಿ ಕೇಳಿಸಿಕೊಂಡ.

“ಅಪ್ಪಾಜಿ, ಹದಿನೈದು ವರ್ಷ ಆಯ್ತು. ಬರೆಸಿದವ್ರು ಇಲ್ಲ, ಆಫೀಸಿಲ್ಲ, ಯೋಜನೆಯಿಲ್ಲ. ಈಗ ನೀವು ಹೋಗಿ ಅದು ಸುಳ್ಳು ಅಂದ್ರೆ ಯಾರಿಗೆ ಬರುತ್ತೆ? ರುಜು ನಿಮ್ದು.”

“ಬರಲಿ.”

“ರುಜು ನಿಮ್ದು. ಅಕ್ಷರ ಅಮ್ಮಂದು.” ಅವನು ಸ್ವರ ಏರಿಸಲಿಲ್ಲ. ಸ್ವರ ಏರಿಸುವ ತ್ರಾಣವೂ ಅವನಲ್ಲಿದ್ದಂತೆ ಕಾಣಲಿಲ್ಲ. “ನಾಳೆ ಯಾವನೋ ವಿಚಾರಣೆಗೆ ಬಂದು, ಇದು ಯಾರ ಬರಹ ಅಂತ ಕೇಳ್ತಾನೆ. ಸತ್ತು ವರ್ಷ ತುಂಬಿಲ್ಲ. ಅವಳ ಹೆಸರನ್ನ ಅಲ್ಲಿ ಯಾಕೆ ಎಳೀತೀರಿ? ಅವಳಿಗೇನು ಗೊತ್ತಿತ್ತು? ನೀವು ಕೊಟ್ಟಿದ್ದನ್ನ ಬರೆದ್ಲು.”

ಷಡಕ್ಷರಪ್ಪನವರು ಅವನ ತಟ್ಟೆಗೆ ಮಜ್ಜಿಗೆ ಬಡಿಸಿದರು. ಅವಳಿಗೆ ಗೊತ್ತಿತ್ತು, ಒಮ್ಮೆ ಕೇಳಿದ್ದಳು. ಅಷ್ಟನ್ನು ಮಗನಿಗೆ ಹೇಳಲು ಬಾಯಿ ಬರಲಿಲ್ಲ.

ಶುಕ್ರವಾರ ಮಾನಸ ಜೀಪಿನಲ್ಲಿ ಹೊನ್ನೆಮರಡಿಗೆ ಹೊರಟವಳು ಅವರನ್ನೂ ಹತ್ತಿಸಿಕೊಂಡಳು. ಚಿತ್ರದಲ್ಲಿ ಕಂಡದ್ದನ್ನು ಕಾಲಿಟ್ಟು ನೋಡಿ ಬರುವುದು ಅವರ ಶಾಸ್ತ್ರದ ನಿಯಮವಂತೆ. ಬಿಸಿಲಿಗೆ ಮರಡಿ ಹಳೆಯ ಕಂಬಳಿಯಂತೆ ಮಾಸಿತ್ತು. ಹುಲ್ಲು ಒಣಗಿದ್ದರೂ ಬುಡ ಹಿಡಿದಿತ್ತು; ಆರೇಳು ಎಮ್ಮೆ ಅದನ್ನು ನಾಲಿಗೆಯಲ್ಲಿ ಸುತ್ತಿ ಎಳೆಯುತ್ತಿದ್ದವು. ಕಾಳಮ್ಮ ಕಾರೆಗಿಡದ ಚೂರು ನೆರಳಲ್ಲಿ ಕುಳಿತಿದ್ದಳು. ಇವರನ್ನು ಕಂಡು ಏಳಲಿಲ್ಲ.

ಮಾನಸ ನಿಂತ ಜಾಗದ ಅಕ್ಷಾಂಶ ರೇಖಾಂಶ ತೋರಿಸುವ ಕೈಯಂತ್ರವನ್ನು ಆಕಾಶಕ್ಕೆ ಹಿಡಿದು, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಂಡಳು. ಆಮೇಲೆ ಮಂಡಿಯೂರಿ ನೆಲ ನೋಡತೊಡಗಿದಳು. ಕಾಡು ಕಡಿದಿದ್ದರೆ ಬುಡಗಳಿರಬೇಕು. ಮೊಣಕಾಲೆತ್ತರದ ಮೋಟಾದರೂ, ಕೊಳೆತ ಬೇರಾದರೂ ಇರಬೇಕು. ಸಿಕ್ಕಿದ್ದು ಗುಂಡಿಗಳು. ಮಣ್ಣು ತುಂಬಿ, ಬಟ್ಟಲಿನಷ್ಟೇ ತಗ್ಗು ಉಳಿದ ಗುಂಡಿಗಳು, ದಾರ ಹಿಡಿದಂತೆ ಸಾಲಾಗಿ ಮರಡಿಯ ನೆತ್ತಿಯವರೆಗೂ ಹೋಗಿದ್ದವು. ಪ್ರತಿ ಗುಂಡಿಯಲ್ಲೂ ಸುತ್ತಲಿಗಿಂತ ತುಸು ಹಸಿಯಾದ ಹುಲ್ಲಿತ್ತು.

“ಬುಡಾನೇ ಇಲ್ವಲ್ಲ ಸರ್,” ಎಂದಳು ಮಾನಸ.

“ಇದ್ರೆ ತಾನೇ,” ಎಂದಳು ಕಾಳಮ್ಮ ಕುಳಿತಲ್ಲಿಂದಲೇ. ಮಾನಸ ತಿರುಗಿ, “ನೀವು ಮೊದ್ಲಿಂದ ಇಲ್ಲೇ ಇರೋರಾ ಅಮ್ಮ? ಇಲ್ಲಿ ಮರ ಇರ್ಲಿಲ್ವಾ?” ಎಂದು ಕೇಳಿದಳು.

ಕಾಳಮ್ಮ ಷಡಕ್ಷರಪ್ಪನವರ ಮುಖ ನೋಡಿದಳು. ಹೇಳಿಬಿಡುತ್ತಾಳೆಂದು ಅವರು ಕಾದರು; ಹೇಳಿಬಿಟ್ಟರೆ ಸಾಕೆಂದೂ ಅನ್ನಿಸಿತು. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ಅಪ್ಪೋರ್ನೇ ಕೇಳವ್ವ. ಎಣಿಸಿದೋರು ಅವ್ರು. ನಾನು ಬರೀ ಗುಂಡಿ ತೋಡಿದೋಳು,” ಎಂದು ಎಮ್ಮೆಗಳ ಕಡೆ ತಿರುಗಿದಳು.

ಇಳಿಯುವಾಗ ಷಡಕ್ಷರಪ್ಪನವರು ಎರಡು ಸಲ ಕಲ್ಲಿನ ಮೇಲೆ ಕುಳಿತರು. ಎರಡನೆಯ ಸಲ, “ಆ ರಿಜಿಸ್ಟರು ನಿಮ್ಮ ಹತ್ರ ಇದೆಯೇನಮ್ಮ? ಜೆರಾಕ್ಸ್ ಅಲ್ಲ, ಅಸಲು,” ಎಂದು ಕೇಳಿದರು.

“ಇದೆ ಸರ್. ಯಾಕೆ?”

“ಒಂದು ಸಲ ನೋಡ್ಬೇಕು.”

ಶನಿವಾರ ಹತ್ತು ಗಂಟೆಗೆಲ್ಲ ಗಾಂಧಿ ಬಜಾರಿನ ಮೆಟ್ಟಿಲು ಹತ್ತಿದರು. ನಿಜ ಹೇಳಬೇಕೆಂದರೆ ಅವರು ಇನ್ನೂ ಏನನ್ನೂ ನಿಶ್ಚಯಿಸಿರಲಿಲ್ಲ. ಅವಳ ಬರಹದ ಮೇಲೆ ಒಮ್ಮೆ ಕೈಯಾಡಿಸಿ ಹೋಗುವ ಆಸೆಯೊಂದೇ ಖಚಿತವಾಗಿತ್ತು. ಮಾನಸ ಕಿಟಕಿಯ ಪಕ್ಕದ ಮೇಜಿನ ಮೇಲೆ, ಕೆಂಪು ಚಿತ್ರಗಳ ನಡುವೆ ಜಾಗ ಮಾಡಿ, ರಟ್ಟು ಸವೆದ ರಿಜಿಸ್ಟರು ಇಟ್ಟು ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು.

ಮೊದಲ ಪುಟ ತೆರೆದರು. ಮೂರನೇ ಬ್ಲಾಕು, ೧೯೮೭. ನೆತ್ತಿಯಲ್ಲಿ ಪೆನ್ಸಿಲಿನ ಸಣ್ಣ ‘ಶ್ರೀ’. ಜೆರಾಕ್ಸಿನಲ್ಲಿ ಇದು ಬಿದ್ದಿರಲಿಲ್ಲ, ಅಷ್ಟು ತೆಳು. ಕಾಗದ ಹಳದಿಯಾಗಿ ಅದು ಇನ್ನಷ್ಟು ಮಾಸಿತ್ತು, ಓರೆ ಮಾಡಿ ಬೆಳಕಿಗೆ ಹಿಡಿದರೆ ಸೀಸ ಮಿನುಗುತ್ತಿತ್ತು. ಎರಡನೆಯ ಪುಟ, ಶ್ರೀ. ಮೂರನೆಯದು, ಶ್ರೀ. ನರ್ಸರಿಯ ಲೆಕ್ಕ, ಗೊಬ್ಬರದ ಲೆಕ್ಕ, ಹೊಳೆದಂಡೆಯ ಬಿದಿರು, ಎಲ್ಲಕ್ಕೂ ಶ್ರೀ. ಬೆರಳಲ್ಲಿ ಒಂದೊಂದನ್ನೂ ಮುಟ್ಟುತ್ತ ಹೋದರು.

ಏಳನೇ ಬ್ಲಾಕು, ೧೯೮೯. ನೆತ್ತಿ ಬರಿದು.

ಕನ್ನಡಕ ತೆಗೆದು ಒರೆಸಿದರು. ಪುಟವನ್ನು ಕಿಟಕಿಗೆ ಓರೆ ಹಿಡಿದರು. ಅಳಿಸಿದ ಗುರುತಿಲ್ಲ, ಮಾಸಿದ ಗುರುತಿಲ್ಲ. ಎದುರು ಪುಟದ ಎಂಟನೇ ಬ್ಲಾಕಿಗೆ ಇದೆ. ಮುಂದಿನ ವರ್ಷ ತೆರೆದರು. ಏಳನೇ ಬ್ಲಾಕಿಗೆ ಇಲ್ಲ. ಅದರ ಮುಂದಿನ ವರ್ಷ, ಇಲ್ಲ. ಅಕ್ಷರ ಅದೇ ಗುಂಡಗೆ, ಗೆರೆ ಅದೇ ನೇರ. ಒಂದೇ ಕೈ, ಕೂತ ಕಡೆಯೂ ಒಂದೇ; ಆ ಒಂದು ಪುಟ ಬಂದಾಗ ಮಾತ್ರ ಅವಳು ಪೆನ್ಸಿಲನ್ನು ಎತ್ತಿಕೊಂಡಿರಲಿಲ್ಲ. ಆರು ವರ್ಷ ಅವರು ಕೆಳಗೆ ನೋಡಿ ರುಜು ಹಾಕಿದ್ದರು. ಮೇಲೆ ನೋಡಿರಲಿಲ್ಲ.

ಷಡಕ್ಷರಪ್ಪನವರು ಪುಟ ತಿರುವುತ್ತ ಹೋಗಿ ಇನ್ನೊಂದು ಕಡೆ ನಿಂತರು. ಒಂಬತ್ತನೇ ಬ್ಲಾಕು, ೧೯೯೨ನೇ ಇಸವಿ, ಮಾರ್ಚಿ ೧೧. ಇಲ್ಲೂ ನೆತ್ತಿ ಬರಿದು. ಇದರಲ್ಲಿ ಏನು ಸುಳ್ಳು? ಒಂಬತ್ತನೇ ಬ್ಲಾಕು ಚೆನ್ನಾಗಿಯೇ ಎದ್ದ ತೋಪು ಎಂದು ಅವರ ನೆನಪು. ಎರಡು ಸಲ ಓದಿದರು. ‘ಖುದ್ದಾಗಿ ಸ್ಥಳಕ್ಕೆ ಭೇಟಿ ಕೊಟ್ಟು ಎಣಿಸಲಾಗಿದೆ. ನೂರಕ್ಕೆ ೫೮.’ ಆಮೇಲೆ ತಾರೀಖಿನ ಮೇಲೆ ಬೆರಳಿಟ್ಟಾಗ ಅವರಿಗೆ ನೆನಪಾಯಿತು. ಆ ಮಾರ್ಚಿ ಪೂರ್ತಿ ಅವರು ಕಾಮಾಲೆಯಾಗಿ ಮಲಗಿದ್ದರು. ಅಂಗಳ ದಾಟಿರಲಿಲ್ಲ. ಮಜ್ಜಿಗೆ ಅನ್ನ, ಬೆಳಿಗ್ಗೆ ನೆಲನೆಲ್ಲಿಯ ರಸ, ಅದನ್ನು ಅರೆದು ಕುಡಿಸುತ್ತಿದ್ದವಳು ಅವಳೇ. ಕಚೇರಿಯಿಂದ ಅಂಕಿ ಬರೆದ ಚೀಟಿ ಬಂದಿತ್ತು. ಅವಳು ಏರಿಸಿದ್ದಳು, ಅವರು ದಿಂಬಿಗೆ ಒರಗಿಯೇ ರುಜು ಹಾಕಿದ್ದರು. ಅಂಥದೊಂದು ಇತ್ತೆಂಬುದನ್ನೇ ಅವರು ಮರೆತಿದ್ದರು. ಆರೋಗ್ಯ ಸರಿಯಿಲ್ಲದಾಗಿನದು ಎಂದು ಅವಳೂ ಮರೆಯಬಹುದಿತ್ತು.

ನೆತ್ತಿ ಬರಿದಾಗಿದ್ದವು ಒಟ್ಟು ಏಳು ಪುಟ. ಇನ್ನೊಮ್ಮೆ ತಿರುವಿದರು. ಏಳೇ.

“ಮಾನಸಮ್ಮ, ಒಂದು ಬಿಳಿ ಹಾಳೆ ಕೊಡ್ತೀರಾ?”

ರೇಣುಕಾಪ್ರಸಾದರು ಒಳಗಿನಿಂದ ಬಂದು ನಿಂತರು. ಷಡಕ್ಷರಪ್ಪನವರು ಕುಳಿತಲ್ಲಿಂದಲೇ ಹೇಳಿದರು. ಮರಡಿ, ಒಣಕಡ್ಡಿ, ನೂರಕ್ಕೆ ಆರು, ಸಾಹೇಬರ ಮಾತು, ತಮ್ಮ ರುಜು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

ರೇಣುಕಾಪ್ರಸಾದರು ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡರು. “ಎಲ್ಲಾ ಮುಗಿದಿತ್ತು ಯಜಮಾನ್ರೆ. ಈ ಬ್ಲಾಕಿಗೆ ಹೊಂದಿಸಿದ ಲೆಕ್ಕದ ಮೇಲೆ ಇನ್ನೂ ನಾಲ್ಕು ಕಡೆ ಹೊಂದಿಸಿದ್ವಿ. ಎಲ್ಲಾ ಬಿಚ್ಚಬೇಕು. ಬಾಯಿಮಾತಲ್ಲಿ ಆಗಲ್ಲ, ಗೊತ್ತಲ್ಲ? ಬರೆದು ಕೊಟ್ರೆ ಮೇಲಿನವ್ರು ನಿಮ್ಮನ್ನ ಕರೆಸ್ಬೋದು. ಯೋಚನೆ ಮಾಡಿ.”

“ಮಾಡಿದೀನಿ.”

“ಅಕ್ಷರ ನಿಮ್ದೇನಾ ಇದು?”

“ಅಕ್ಷರ ನನ್ನ ಹೆಂಡತಿಯದು. ಲೆಕ್ಕ ನನ್ನದು. ಹಾಗೇ ಬರೀತೀನಿ.”

ರೇಣುಕಾಪ್ರಸಾದರು ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡು, “ಮಾನಸ, ಏಳನೇದರ ತಿದ್ದುಪಡಿ ತೆಗೆದು ಮೊದ್ಲಿಂದ ಓಡ್ಸಿ. ಸೋಮವಾರ ಅಂದಿದ್ದು ಬುಧವಾರ ಆಗುತ್ತೆ, ಬೈಸ್ಕೋತೀನಿ,” ಎಂದು ಒಳಗೆ ಹೋದರು.

ಷಡಕ್ಷರಪ್ಪನವರು ಬರೆಯತೊಡಗಿದರು. ಕೋಳಿ ಕೆದರಿದಂಥ ಅಕ್ಷರ, ಗೆರೆಯಿಲ್ಲದ ಹಾಳೆಯಲ್ಲಿ ಮೇಲಕ್ಕೂ ಕೆಳಕ್ಕೂ ಹರಿಯಿತು. ಬರೆದದ್ದನ್ನು ಹೊಡೆದು ಮತ್ತೆ ಬರೆದರು. ಏಳನೇ ಬ್ಲಾಕಿನ ಆರು ವರ್ಷಗಳನ್ನು ಒಂದೊಂದಾಗಿ ಬರೆದರು. ಕೊನೆಗೆ, ಯಾರೂ ಕೇಳದಿದ್ದ ಒಂಬತ್ತನೆಯದನ್ನೂ ಸೇರಿಸಿದರು. ಆ ದಿನ ತಾನು ಕಾಯಿಲೆಯಿಂದ ಮನೆಯಲ್ಲೇ ಇದ್ದೆ, ಸ್ಥಳಕ್ಕೆ ಹೋಗಿರಲಿಲ್ಲ, ಗಿಡ ಎಷ್ಟಿದ್ದವೋ ತನಗೆ ತಿಳಿಯದು ಎಂದು. ಹೊನ್ನೆಮರಡಿಯಲ್ಲಿ ಜಾನುವಾರು ತಿನ್ನುವಂಥ ಗಿಡ ಯಾವಾಗಲೂ ಇರಲಿಲ್ಲ ಎಂದು ಬರೆದು, ತಾರೀಖು ಹಾಕಿ ರುಜು ಮಾಡಿದರು.

ಮಾನಸ ಓದಿ ಮುಗಿಸಿ ತಲೆಯೆತ್ತಿದಳು. ಅವಳ ಕಣ್ಣುಗಳು ಪರದೆ ನೋಡಿ ನೋಡಿ ಕೆಂಪಾಗಿದ್ದವು. “ಒಂಬತ್ತನೇದು ನಮಗೆ ಗೊತ್ತೇ ಆಗ್ತಿರ್ಲಿಲ್ಲ ಸರ್. ಅದು ಚಿತ್ರದಲ್ಲಿ ಸರಿಯಾಗೇ ಬಂದಿದೆ.”

“ಇರಬಹುದಮ್ಮ.”

ಅವಳು ಹಾಳೆಯನ್ನು ಫೈಲಿಗೆ ಸೇರಿಸಲು ರಂಧ್ರ ಹೊಡೆಯುವ ಯಂತ್ರ ಎತ್ತಿಕೊಂಡಳು.

“ಒಂದು ನಿಮಿಷ. ಇಲ್ಲಿ ಕೊಡಿ,” ಎಂದರು ಷಡಕ್ಷರಪ್ಪನವರು. “ಪೆನ್ಸಿಲ್ ಇದೆಯಾ?”

“ಏನ್ ಸರ್, ಏನಾದ್ರೂ ಬಿಟ್ಟು ಹೋಯ್ತಾ?”

“ಹೂಂ. ಮೇಲಿನದು ಒಂದು.”

ಕೊಟ್ಟ ಪೆನ್ಸಿಲಿನ ಮೊನೆ ಮೊಂಡಾಗಿತ್ತು. ಅವರು ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡು, ಅವಸರವಿಲ್ಲದೆ, ಸುತ್ತಲೂ ತಿರುಗಿಸುತ್ತ ಹೆರೆದರು. ಸಿಪ್ಪೆ ಉಂಗುರ ಉಂಗುರವಾಗಿ ಕೆಳಗಿನ ಕೆಂಪು ಚಿತ್ರದ ಮೇಲೆ ಬಿತ್ತು. ಆಮೇಲೆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ನೆತ್ತಿಯ ಖಾಲಿ ಜಾಗದಲ್ಲಿ, ಮಣಿಕಟ್ಟನ್ನು ಮೇಜಿಗೆ ಊರಿ, ಕಂಡೂ ಕಾಣದಷ್ಟು ಸಣ್ಣದಾಗಿ ಬರೆದರು. ಮಾನಸ ಸಿಪ್ಪೆಯನ್ನು ಊದಿ ಹಾರಿಸಲು ಬಗ್ಗಿದವಳು, ಅವರು ಇನ್ನೂ ಬರೆಯುತ್ತಿರುವುದನ್ನು ಕಂಡು ಉಸಿರು ಹಿಡಿದು ನಿಂತಳು.